‘ಅಷ್ಟು ಅಗ್ಗಕ್ಕೆ ಎಲ್ಲಿ ಸಿಗುತ್ತೆ?’ ಅಂತ ಕೇಳುವವರಿಗೆ

ನನ್ನ ಹಳೇ ರೆಕಾರ್ಡು, ಕ್ಯಾಸೆಟ್, ಸಿಡಿಗಳ ಸಾಲು ನೋಡಿದವರೆಲ್ಲ ಕೇಳುವುದು ಒಂದೇ ಮಾತು: ‘ಇಷ್ಟು ಅಗ್ಗಕ್ಕೆ ಎಲ್ಲಿ ಸಿಗುತ್ತೆ? ಅಡ್ರೆಸ್ ಕೊಡಿ.’ ಇದರಲ್ಲಿ ಗುಟ್ಟೇನಿಲ್ಲ. ಹಳೇ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮನೆ ಖಾಲಿ ಮಾಡುವವರು ತಂದುಹಾಕಿದ ಬಟ್ಟೆ, ಪಾತ್ರೆ, ಪುಸ್ತಕಗಳ ಜೊತೆ ಸಂಗೀತವೂ ಬಂದಿರುತ್ತದೆ. ಕವರಿನ ಒಳಗೆ ಏನಿದೆ ಅಂತ ಅಂಗಡಿಯವರು ನೋಡಲು ಹೋಗುವುದಿಲ್ಲ. ಸಾಮಾನ್ಯವಾಗಿ ಎಲ್ಲದಕ್ಕೂ ಒಂದೇ ದರ. ರೆಕಾರ್ಡ್ ಅಂಗಡಿಗೆ ಹೋದರೆ ಗೋಡೆಗೆ ನೇತುಹಾಕಿದ್ದನ್ನು ಬಿಟ್ಟು ಮೇಜಿನ ಕೆಳಗಿನ ಪೆಟ್ಟಿಗೆಗಳನ್ನು ನೋಡಿ. ವಿಂಗಡಿಸಲು ಪುರುಸೊತ್ತಾಗದ ಮಾಲು ಅಲ್ಲಿರುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಎಲ್‌ಪಿಗಳು (ಬದಿಗೆ ಹಲವು ಹಾಡು ಹಿಡಿಯುವ ದೊಡ್ಡ ರೆಕಾರ್ಡುಗಳು) ಬಹುಪಾಲು ಅಗ್ಗ, ಯಾಕೆಂದರೆ ಮಾರುವವರು ಜಾಸ್ತಿ, ಕೊಳ್ಳುವವರು ಕಮ್ಮಿ. ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ.

ನನಗೆ ಸಿಟ್ಟು ಬರುವುದು ಆ ‘ಎಲ್ಲಿ’ ಅನ್ನುವುದರ ಮೇಲೆ. ಜಾಗ ಗೊತ್ತಾದರೆ ಕೆಲಸ ಮುಗಿಯಿತು ಅಂದುಕೊಂಡಿರುತ್ತಾರೆ. ಅದೇ ಪೆಟ್ಟಿಗೆಗೆ ಇಬ್ಬರು ಕೈ ಹಾಕಿದರೆ ಒಬ್ಬರು ಕೇಳುವಂಥದ್ದನ್ನು ತರುತ್ತಾರೆ, ಇನ್ನೊಬ್ಬರು ಕಸ ಹೊತ್ತುಕೊಂಡು ಬರುತ್ತಾರೆ. ಆಮೇಲೆ ‘ನಿಮ್ಮ ಅದೃಷ್ಟ ಚೆನ್ನಾಗಿದೆ’ ಅನ್ನುತ್ತಾರೆ. ಅದೃಷ್ಟ ಎಲ್ಲಿಂದ ಬಂತು? ಒಂದೊಂದನ್ನೂ ಹೊರತೆಗೆದು ನೋಡಬೇಕು, ಅಷ್ಟೇ. ‘ಯಾವುದನ್ನು ಅಲ್ಲೇ ಬಿಟ್ಟು ಬರಬೇಕು?’ ಅಂತ ಒಬ್ಬರಾದರೂ ಕೇಳಬಾರದೆ? ಅದಕ್ಕಾದರೆ ಹೇಳುವುದು ಬೇಕಾದಷ್ಟಿದೆ.

ಎಲ್‌ಪಿಯನ್ನು ಕವರಿನಿಂದ ತೆಗೆಯುವಾಗ ಅಂಚು ಮತ್ತು ಲೇಬಲ್ ಮಾತ್ರ ಮುಟ್ಟಿ. ಒಂದೇ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ನಿಧಾನವಾಗಿ ತಿರುಗಿಸಿ. ಟ್ಯೂಬ್‌ಲೈಟಿನ ಚೆದುರಿದ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಸಣ್ಣ ಟಾರ್ಚ್ ಜೇಬಿನಲ್ಲಿರಲಿ. ಕಪ್ಪಗೆ ಮಿಂಚಬೇಕಾದ ತಟ್ಟೆ ಬೂದುಬಣ್ಣಕ್ಕೆ ತಿರುಗಿದ್ದರೆ, ಪ್ಲೇಯರಿನ ಸವೆದ ಮುಳ್ಳು ಅದರ ಗ್ರೂವ್ (ಸಂಗೀತ ಕೊರೆದಿರುವ ಸುರುಳಿಗೆರೆ) ಗೋಡೆಗಳನ್ನು ಕೆರೆದು ತಿಂದಿದೆ ಅಂತ ಅರ್ಥ. ಎಷ್ಟು ತೊಳೆದರೂ ಆ ಗೊರಗೊರ ಹೋಗುವುದಿಲ್ಲ. ಹಾಗೇ ವಾಪಸು ಇಡಿ.

ಗೀರು ಕಂಡರೆ ಉಗುರಿನ ತುದಿಯನ್ನು ಬಹಳ ಹಗುರವಾಗಿ ಅಡ್ಡಲಾಗಿ ಆಡಿಸಿ. ಉಗುರಿಗೆ ತಗುಲದ ಕೂದಲೆಳೆಯಂಥ ಗೆರೆ ಎಷ್ಟೋ ಸಲ ಕೇಳಿಸುವುದೇ ಇಲ್ಲ. ತಗುಲಿದರೆ ಲೆಕ್ಕ ಹಾಕಿ: ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಪ್ರತಿ 1.8 ಸೆಕೆಂಡಿಗೆ ಒಂದು ‘ಟಕ್’. ಒಂದು ಬದಿಗೆ 20 ನಿಮಿಷದ ಎಲ್‌ಪಿಯಲ್ಲಿ ಗ್ರೂವ್‌ಗಳಿಗೆ ಅಡ್ಡಲಾಗಿರುವ ಒಂದೇ ಸೆಂಟಿಮೀಟರಿನ ಗೀರು ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಟಕ್ ಅನ್ನುತ್ತದೆ. ಒಂದು ಹಾಡಿನ ಅರ್ಧವೇ ಹೋಯಿತು. ಗ್ರೂವ್ ಹೋದ ದಿಕ್ಕಿನಲ್ಲೇ ಓರೆಯಾಗಿ ಸಾಗಿದ ಗೀರು ಇನ್ನೂ ಕೆಟ್ಟದ್ದು. ಮುಳ್ಳು ಪಕ್ಕದ ಸುತ್ತಿಗೆ ಜಾರುತ್ತದೆ, ಇಲ್ಲವೇ ಒಂದೇ ಕಡೆ ಸಿಕ್ಕಿಕೊಂಡು ಅದೇ ಸಾಲನ್ನು ಹಾಡುತ್ತಾ ಇರುತ್ತದೆ.

ಅಂಗಡಿಯಲ್ಲಿ ಹಾಕಿ ಕೇಳಲು ಬಿಟ್ಟರೆ ಎಲ್ಲರೂ ಮೊದಲ ಹಾಡು ಹಾಕುತ್ತಾರೆ. ಕೊನೆಯ ಹಾಡು ಹಾಕಿ! ಹೊರ ಅಂಚಿನಲ್ಲಿ ಗ್ರೂವ್ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಓಡಿದರೆ, ಲೇಬಲಿನ ಹತ್ತಿರ ಸುಮಾರು 21 ಸೆಂ.ಮೀ. ಮಾತ್ರ. ಅಷ್ಟೇ ಸಂಗೀತ ಇಕ್ಕಟ್ಟಿನಲ್ಲಿ ಕೂತಿರುವುದರಿಂದ ಸವೆತ ಮೊದಲು ಕಿವಿಗೆ ಬೀಳುವುದು ಅಲ್ಲೇ. ಜೋರಾಗಿ ಹಾಡುವ ಕಡೆ ದನಿ ಒಡೆದು ‘ಸ್’ಕಾರ ಚರಚರ ಅಂದರೆ ಬಿಟ್ಟುಬಿಡಿ. ನಡುವಿನ ತೂತಿನ ಸುತ್ತ ಲೇಬಲಿನ ಮೇಲೆ ಹುಳು ಹರಿದಂತೆ ಗೆರೆಗಳಿದ್ದರೆ ತಟ್ಟೆಯನ್ನು ಬಹಳ ಸಲ, ಅದೂ ಅಜಾಗರೂಕತೆಯಿಂದ ಹಾಕಿದ್ದಾರೆ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚನ್ನೂ ನೋಡಿ. ಇಡೀ ತಟ್ಟೆ ಬಟ್ಟಲಿನ ಹಾಗೆ ಸ್ವಲ್ಪ ಬಾಗಿದ್ದರೆ ಹಾಡಬಹುದು. ಅಂಚಿನಲ್ಲಿ ಒಂದೇ ಕಡೆ ಚೂಪಾಗಿ ಉಬ್ಬಿದ್ದರೆ ಮುಳ್ಳು ಹಾರುತ್ತದೆ. ಕವರಿನಲ್ಲಿ ಬರೆದ ತಟ್ಟೆಯೇ ಒಳಗಿದೆಯೇ ಅಂತ ಲೇಬಲ್ ಓದಿ ನೋಡಿಕೊಳ್ಳಿ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳು ಬಹುಪಾಲು ಅರಗಿನವು. ಅವಕ್ಕೆ ಬೇರೆ ವೇಗ ಮಾತ್ರವಲ್ಲ, ಬೇರೆ ಮುಳ್ಳೂ ಬೇಕು: ಎಲ್‌ಪಿಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಆದರೆ ಇದಕ್ಕೆ ಸುಮಾರು 75. ಅದಿಲ್ಲದಿದ್ದರೆ ಕೊಳ್ಳಬೇಡಿ.

ಕ್ಯಾಸೆಟ್ಟಿನಲ್ಲಿ ಮೊದಲು ನೋಡಬೇಕಾದದ್ದು ಟೇಪಿನ ಹಿಂದೆ ನಡುಮಧ್ಯದಲ್ಲಿರುವ ಉಣ್ಣೆಯ ಪುಟ್ಟ ತುಂಡು. ಗೋಂದು ಒಣಗಿ ಅದು ಉದುರಿದ್ದರೆ ಟೇಪು ಅದನ್ನು ಓದುವ ಪ್ಲೇಯರಿನ ಹೆಡ್‌ಗೆ ಒತ್ತುವುದಿಲ್ಲ, ದನಿ ಮಂಕಾಗುತ್ತದೆ. ಸ್ಕ್ರೂ ಹಾಕಿದ ಕ್ಯಾಸೆಟ್ ಆದರೆ ಬಿಚ್ಚಿ ಟೇಪನ್ನು ಬೇರೆ ಡಬ್ಬಿಗೆ ಹಾಕಬಹುದು, ಅಂಟಿಸಿದ್ದನ್ನು ಒಡೆಯಲೇಬೇಕು. ಸುರುಳಿಯ ಅಂಚಿನಲ್ಲಿ ಬೆಳ್ಳಗೆ ಬೂಷ್ಟು ಕಂಡರೆ ಮುಟ್ಟಬೇಡಿ. ಅದು ನಿಮ್ಮ ಪ್ಲೇಯರಿಗೂ, ಅಲ್ಲಿಂದ ಉಳಿದ ಕ್ಯಾಸೆಟ್‌ಗಳಿಗೂ ಹಬ್ಬುತ್ತದೆ.

ಸಿಡಿ ವಿಷಯದಲ್ಲಿ ಜನ ನೋಡುವುದೇ ತಪ್ಪು ಬದಿ. ಹೊಳೆಯುವ ಬದಿಯ ಗೀರಿಗೆ ಗಾಬರಿಯಾಗುತ್ತಾರೆ. ಆ ಬದಿಯಲ್ಲಿ ಸುಮಾರು 1.2 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಇದೆ, ಪಾಲಿಶ್ ಮಾಡಬಹುದು. ಸಂಗೀತವಿರುವ ಲೋಹದ ಪದರ ಲೇಬಲಿನ ಕೆಳಗೇ, ತೆಳ್ಳನೆಯ ಮೆರುಗೆಣ್ಣೆಯ ಮರೆಯಲ್ಲಿದೆ. ಅಲ್ಲಿ ಗೀರು ಬಿದ್ದರೆ ಯಾವ ಪಾಲಿಶೂ ಕೆಲಸಕ್ಕೆ ಬರುವುದಿಲ್ಲ. ಬೆಳಕಿಗೆ ಹಿಡಿದಾಗ ಬೆಳಕು ಚುಕ್ಕಿಚುಕ್ಕಿಯಾಗಿ ತೂರಿ ಬಂದರೆ ಪದರ ಕಿತ್ತುಹೋಗುತ್ತಿದೆ ಅಂತ ತಿಳಿಯಿರಿ. ಹೊಳೆಯುವ ಬದಿಯ ಗೀರು ಕೂಡ ಮಧ್ಯದಿಂದ ಅಂಚಿಗೆ ನೇರವಾಗಿದ್ದರೆ ಪರವಾಗಿಲ್ಲ, ದುಂಡಗೆ ಸಾಗಿದ್ದರೆ ಕಷ್ಟ. ಓದುವಾಗ ಸುಮಾರು 2.5 ಮಿ.ಮೀ. ಉದ್ದದ ಲೋಪದವರೆಗೆ ಪೂರ್ತಿ ಸರಿಪಡಿಸಿಕೊಳ್ಳುವ ಏರ್ಪಾಡು ಸಿಡಿಯಲ್ಲಿದೆ; ದುಂಡನೆಯ ಗೀರು ಅದನ್ನು ಸಲೀಸಾಗಿ ಮೀರುತ್ತದೆ.

ತಂದ ಎಲ್‌ಪಿಯನ್ನು ತೊಳೆಯದೆ ಹಾಕಬೇಡಿ. ಮುಳ್ಳು ಧೂಳನ್ನು ಗ್ರೂವಿನೊಳಗೆ ಅರೆಯುತ್ತದೆ. ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಹಾಕಿ, ಮೆತ್ತನೆಯ ಬ್ರಷ್‌ನಿಂದ ಗ್ರೂವ್ ಸುತ್ತುವ ದಿಕ್ಕಿನಲ್ಲೇ ಉಜ್ಜಿ, ಬರೀ ನೀರಿನಲ್ಲಿ ಮತ್ತೊಮ್ಮೆ ತೊಳೆಯಿರಿ. ಲೇಬಲ್ ಒದ್ದೆಯಾಗಬಾರದು. ಅರಗಿನ ತಟ್ಟೆಗೆ ಆಲ್ಕೋಹಾಲ್ ಇರುವ ಯಾವುದನ್ನೂ ಸೋಕಿಸಬೇಡಿ, ಅರಗು ಕರಗುತ್ತದೆ. ನಿಲ್ಲಿಸಿ ಒಣಗಿಸಿ, ಹೊಸ ಕಾಗದದ ಒಳಕವರಿಗೆ ಹಾಕಿ. ಹಳೇ ಪಿವಿಸಿ ಪ್ಲಾಸ್ಟಿಕ್ ಕವರ್ ಇದ್ದರೆ ಎಸೆಯಿರಿ. ಅದು ತಟ್ಟೆಯ ಮೇಲೆ ಬಿಡುವ ಮಬ್ಬು ಕಲೆ ಎಷ್ಟೋ ಸಲ ಹೋಗುವುದೇ ಇಲ್ಲ.