ಟ್ರೇಲರ್ ಹೊರಟ ದಾರಿ: ಬಯಲು, ಘಾಟಿ, ಜಲ್ಲಿ ರಸ್ತೆ ಮತ್ತು ನಾಲ್ಕು ಟೈರ್‌ಗಳು

ಎಂಟು ಮೀಟರ್ ಉದ್ದದ, ಎರಡು ಆಕ್ಸಲ್‌ಗಳ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ. ನೀರು, ಗ್ಯಾಸ್, ಪಾತ್ರೆಪಗಡೆ, ಹಾಸಿಗೆ ಬಟ್ಟೆ ಎಲ್ಲ ತುಂಬಿದ ಮೇಲೆ ತೂಕ 3,400 ಕೆ.ಜಿ. ಮುಂದಿರುವ ದಾರಿಯಲ್ಲಿ ಮೊದಲು ಬಿಸಿಲಿನ ಬಯಲು ಹೆದ್ದಾರಿ, ಆಮೇಲೆ ಘಾಟಿ, ಕೊನೆಗೆ ಬಿಡಾರದ ತನಕ ಜಲ್ಲಿಕಲ್ಲಿನ ಕಚ್ಚಾ ರಸ್ತೆ. ಇಂಥ ದಾರಿಯಲ್ಲಿ ಟೈರ್ ಕೈಕೊಟ್ಟರೆ ಎಲ್ಲರೂ ಮೊದಲು ದೂರುವುದು ಮೊಳೆಯನ್ನು. ಮೊಳೆಗೆ ಸೀಲೆಂಟ್ ಇದೆ, ಟೈರ್ ಒಳಗೆ ಹಾಕಿ ತೂತು ಮುಚ್ಚುವ ದ್ರವ. ಆದರೆ ಟ್ರೇಲರ್ ಟೈರ್‌ಗಳು ಹೆಚ್ಚಾಗಿ ಹಾಳಾಗುವುದು ಅತಿಭಾರ, ಕಡಿಮೆ ಗಾಳಿ, ಶಾಖ ಮತ್ತು ವಯಸ್ಸಿನಿಂದ. ಇವಕ್ಕೆ ಯಾವ ಬಾಟಲಿಯಲ್ಲೂ ಮದ್ದಿಲ್ಲ. ಹಾಗಾಗಿ ಪ್ರಯಾಣ ಶುರುವಾಗಬೇಕಾದದ್ದು ಗಾಡಿಗಳನ್ನು ತೂಗುವ ವೇಬ್ರಿಜ್‌ನಿಂದ.

ಸಾಮಾನೆಲ್ಲ ತುಂಬಿ, ನೀರಿನ ಟ್ಯಾಂಕ್ ಭರ್ತಿ ಮಾಡಿಯೇ ತೂಕಕ್ಕೆ ಹೋಗಬೇಕು. ಖಾಲಿ ಟ್ರೇಲರ್‌ನ ತೂಕದಿಂದ ಏನೂ ತಿಳಿಯುವುದಿಲ್ಲ. ಹಿಚ್ (ಗಾಡಿಗೂ ಟ್ರೇಲರ್‌ಗೂ ನಡುವಿನ ಕೊಂಡಿ) ಬಿಚ್ಚದೆ, ಎಳೆಯುವ ಗಾಡಿಯನ್ನು ತೂಕದ ಹಲಗೆಯಿಂದ ಆಚೆ ಇಳಿಸಿ, ಟ್ರೇಲರ್ ಚಕ್ರಗಳನ್ನು ಮಾತ್ರ ಮೇಲೆ ನಿಲ್ಲಿಸಿ. 3,400ರಲ್ಲಿ ಸುಮಾರು 400 ಕೆ.ಜಿ. ಹಿಚ್ ಮೇಲೆ ಕೂತರೆ ಚಕ್ರಗಳ ಪಾಲಿಗೆ 3,000, ಅಂದರೆ ಟೈರ್ ಒಂದಕ್ಕೆ 750. ಬಹಳ ಮಂದಿ ಲೆಕ್ಕ ನಿಲ್ಲಿಸುವುದು ಇಲ್ಲೇ, ಎಡವುವುದೂ ಇಲ್ಲೇ. ಅಡುಗೆಮನೆ, ಫ್ರಿಜ್, ನೀರಿನ ಟ್ಯಾಂಕ್ ಒಂದೇ ಬದಿಗೆ ಇರುವುದು ಸಾಮಾನ್ಯ. ಹಲಗೆಯ ಪಕ್ಕದ ನೆಲ ಸಮತಟ್ಟಾಗಿದ್ದರೆ ಒಂದು ಬದಿಯ ಚಕ್ರಗಳನ್ನಷ್ಟೇ ಹಲಗೆ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿ. ಎಡಕ್ಕೆ 1,620, ಬಲಕ್ಕೆ 1,380 ಬಂತೆನ್ನಿ. ಎಡಗಡೆಯ ಒಂದೊಂದು ಟೈರೂ 810 ಕೆ.ಜಿ. ಹೊರುತ್ತಿದೆ ಎಂದಾಯಿತು.

ಈಗ ಟೈರ್‌ನ ಪಕ್ಕದ ಗೋಡೆ ಓದಿ. ಎಸ್‌ಟಿ 205/75 ಆರ್ 14 (205 ಮಿ.ಮೀ. ಅಗಲ, ಅದರ ಶೇ. 75ರಷ್ಟು ಗೋಡೆಯ ಎತ್ತರ, 14 ಇಂಚಿನ ರಿಮ್), ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಸಿ ಎಂದು ಬರೆದಿದ್ದರೆ ಅದು 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯಲ್ಲಿ ಹೊರಬಲ್ಲದ್ದು 800 ಕೆ.ಜಿ. ಸರಾಸರಿಯ ಲೆಕ್ಕದಲ್ಲಿ ಪಾಸಾದ ಟೈರ್ ನಿಜವಾದ ಭಾರದ ಮುಂದೆ ಫೇಲಾಯಿತು. ಅದೇ ಅಳತೆಯಲ್ಲಿ ಲೋಡ್ ರೇಂಜ್ ಡಿ ತೆಗೆದುಕೊಂಡರೆ 65 ಪಿಎಸ್‌ಐಗೆ 925 ಕೆ.ಜಿ. ಒಂದು ಅಳತೆ ಮೇಲಕ್ಕೆ, ಎಸ್‌ಟಿ 215/75 ಆರ್ 14 ಡಿ ಹಾಕಿದರೆ 1,000 ಕೆ.ಜಿ. ಆಗ 810ರ ಭಾರಕ್ಕೆ ಶೇ. 19ರಷ್ಟು ಮಿಗತೆ ಉಳಿಯುತ್ತದೆ. ಶೇ. 15ರಿಂದ 20 ಮಿಗತೆ ಇಲ್ಲದೆ ದೂರದ ದಾರಿಗೆ ಹೊರಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ದೊಡ್ಡ ಅಳತೆಗೆ ಹೋಗುವ ಮುಂಚೆ ಜಾಗ ನೋಡಿಕೊಳ್ಳಬೇಕು: 205ರಿಂದ 215ಕ್ಕೆ ಹೋದರೆ ಟೈರ್‌ನ ವ್ಯಾಸ 15 ಮಿ.ಮೀ. ಹೆಚ್ಚುತ್ತದೆ, ಎರಡು ಟೈರ್‌ಗಳ ನಡುವಿನ ಸಂದು ಅಷ್ಟೇ ಕಿರಿದಾಗುತ್ತದೆ. ಸ್ಪ್ರಿಂಗ್ ಪೂರ್ತಿ ಅದುಮಿದಾಗಲೂ ಟೈರ್ ಮಡ್‌ಗಾರ್ಡಿಗೆ ತಾಗಬಾರದು.

ಎಸ್‌ಟಿ ಅಂದರೆ ಟ್ರೇಲರ್‌ಗೆಂದೇ ಮಾಡಿದ ಟೈರ್. ಪಕ್ಕದ ಗೋಡೆ ಬಿರುಸು, ಅಳತೆಗೆ ಹೋಲಿಸಿದರೆ ಹೊರುವ ಭಾರ ಹೆಚ್ಚು. 235/85 ಆರ್ 16ರ ಇ ರೇಂಜಿನಲ್ಲಿ 80 ಪಿಎಸ್‌ಐಗೆ ಎಲ್‌ಟಿ (ಹಗುರ ಟ್ರಕ್ಕಿನ) ಟೈರ್ 1,380 ಕೆ.ಜಿ. ಹೊತ್ತರೆ ಎಸ್‌ಟಿ 1,650 ಹೊರುತ್ತದೆ. ಈ ಹೆಚ್ಚುವರಿ ಬಂದದ್ದು ವೇಗದ ಮಿತಿಯಿಂದ. ವೇಗದ ಅಕ್ಷರವೇ ಇಲ್ಲದ ಎಸ್‌ಟಿ ಟೈರ್‌ಗೆ ಗಂಟೆಗೆ 105 ಕಿ.ಮೀ. ಗಡಿ. ಅಕ್ಷರವಿದ್ದರೆ ಎಲ್ ಅಂದರೆ 120, ಎಂ ಅಂದರೆ 130. ತಾಳಿಕೊಳ್ಳುತ್ತದೆ ಎಂದ ಮಾತ್ರಕ್ಕೆ ಅಷ್ಟು ವೇಗದಲ್ಲಿ ಓಡಿಸಬೇಕಿಲ್ಲ. ಅಕ್ಷರ ಮೇಲಿದ್ದಷ್ಟೂ 95–100ರ ಓಟದಲ್ಲಿ ಟೈರ್ ನಿರಾಳವಾಗಿರುತ್ತದೆ. ಕಾರಿನ ಟೈರನ್ನು ಟ್ರೇಲರ್‌ಗೆ ಹಾಕುವುದಾದರೆ ಅದರ ಮೇಲೆ ಬರೆದ ಭಾರವನ್ನು 1.10ರಿಂದ ಭಾಗಿಸಬೇಕು. ಭಾರವಾದ ಟ್ರೇಲರ್‌ಗೆ ಅದು ಬೇಡವೇ ಬೇಡ, ಪಕ್ಕದ ಗೋಡೆ ಮೆತ್ತಗಿರುತ್ತದೆ. ರೇಡಿಯಲ್ (ಒಳನೂಲು ನೇರವಾಗಿ ಅಡ್ಡ ಹಾಯುವ) ಮತ್ತು ಬಯಾಸ್ ಪ್ಲೈ (ಒಳನೂಲು ಓರೆಯಾಗಿ ಹಾಯುವ) ಟೈರ್‌ಗಳನ್ನು ಒಂದೇ ಆಕ್ಸಲ್‌ನಲ್ಲಿ ಬೆರೆಸಲೂಬಾರದು.

ಪಕ್ಕದ ಗೋಡೆಯ ಮೇಲೆ DOT ಎಂದು ಶುರುವಾಗುವ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕೆಗಳು ಟೈರ್‌ನ ಜನ್ಮದಿನ. 3523 ಎಂದಿದ್ದರೆ 2023ನೇ ಇಸವಿಯ 35ನೇ ವಾರ. ಪೂರ್ತಿ ಗುರುತು ಕೆಲವೊಮ್ಮೆ ಒಳಬದಿಗೆ ಮಾತ್ರ ಇರುತ್ತದೆ, ಟಾರ್ಚ್ ಹಿಡಿದು ಟ್ರೇಲರ್ ಕೆಳಗೆ ಬಗ್ಗಿ ನೋಡಬೇಕು. ಟ್ರೇಲರ್ ಟೈರ್ ಸವೆದು ಮುಗಿಯುವುದು ಅಪರೂಪ. ತಿಂಗಳುಗಟ್ಟಲೆ ನಿಂತಲ್ಲೇ ನಿಂತು, ಬಿಸಿಲು ಕುಡಿದು, ಒಳಗಿಂದ ಒಣಗುತ್ತದೆ. ನೆಲಕ್ಕೆ ತಾಗುವ ಟ್ರೆಡ್‌ನ ಗೀರುಗಳು ಆಳವಾಗಿ ಕಂಡರೂ ಐದಾರು ವರ್ಷಕ್ಕೆ ಬದಲಿಸುವುದೇ ಸರಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ, ಸಾಮಾನ್ಯವಾಗಿ ಎಲ್ಲರೂ ಮರೆಯುವುದು ಅದನ್ನೇ.

ಟೈರ್ ಬದಲಿಸುವಾಗ ವಾಲ್ವ್ ಕೂಡ ಬದಲಾಗಬೇಕು. ರಿಮ್‌ಗೆ ಒತ್ತಿ ಕೂರಿಸುವ ಮಾಮೂಲಿ ರಬ್ಬರ್ ವಾಲ್ವ್ 65 ಪಿಎಸ್‌ಐ ತನಕ ಮಾತ್ರ. 80 ಪಿಎಸ್‌ಐ ಟೈರ್‌ಗೆ ನಟ್ ಬಿಗಿಯುವ ಲೋಹದ ವಾಲ್ವ್ ಹಾಕಿಸಿ. ವಾಲ್ವ್ ತುದಿಗೆ ಸಿಕ್ಕಿಸುವ ಗಾಳಿ ಸೆನ್ಸರ್ ಬಳಸುವವರಿಗೂ ಲೋಹದ್ದೇ ಒಳ್ಳೆಯದು, ಏಕೆಂದರೆ ಸೆನ್ಸರ್ ತೂಕಕ್ಕೆ ರಬ್ಬರ್ ಕುತ್ತಿಗೆ ಓಲಾಡಿ ಬುಡದಲ್ಲಿ ಸೀಳುತ್ತದೆ. ರಿಮ್‌ಗೂ ಭಾರ, ಗಾಳಿಯ ಮಿತಿ ಇದೆ. 50 ಪಿಎಸ್‌ಐ ರಿಮ್‌ಗೆ 65ರ ಟೈರ್ ಕೂರಿಸಿ ಪೂರ್ತಿ ಗಾಳಿ ತುಂಬಬಾರದು.

ಹೊರಡುವ ಬೆಳಗ್ಗೆ, ಬಿಸಿಲು ಚಕ್ರಕ್ಕೆ ಬೀಳುವ ಮುಂಚೆ, ಟೈರ್ ಮೇಲೆ ಬರೆದ ಪೂರ್ತಿ ಗಾಳಿ ತುಂಬಿಸಿ. ಟ್ರೇಲರ್‌ನಲ್ಲಿ ಕೂತು ಕುಲುಕಾಟ ಅನುಭವಿಸುವವರು ಯಾರೂ ಇಲ್ಲ, ಮೆತ್ತಗಿನ ಸವಾರಿಗೆಂದು ಗಾಳಿ ಕಡಿಮೆ ಮಾಡಲು ಕಾರಣವೇ ಇಲ್ಲ. ಹೊಸದಾಗಿ ಚಕ್ರ ಕೂರಿಸಿದ್ದರೆ ನಟ್‌ಗಳನ್ನು ನಕ್ಷತ್ರದ ಆಕಾರದಲ್ಲಿ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಅರ್ಧ ಇಂಚಿನ ಬೋಲ್ಟ್‌ಗೆ ಸಾಮಾನ್ಯವಾಗಿ 120ರಿಂದ 160 ನ್ಯೂಟನ್ ಮೀಟರ್, ಖಚಿತ ಅಂಕಿ ಟ್ರೇಲರ್ ಕೈಪಿಡಿಯಲ್ಲಿರುತ್ತದೆ. ಹೊರಟ ಮೇಲೆ 16, 40, 80 ಕಿ.ಮೀ.ಗಳಲ್ಲಿ ನಿಲ್ಲಿಸಿ ಮತ್ತೆ ಟಾರ್ಕ್ (ನಟ್‌ನ ಬಿಗಿತ) ನೋಡಬೇಕು. ಹೊಸ ರಿಮ್ ಕೂತುಕೊಳ್ಳುತ್ತಾ ನಟ್ ಸಡಿಲವಾಗುತ್ತದೆ.

ಬಯಲು ಸೀಮೆಯ ಮಧ್ಯಾಹ್ನ ಗೇಜು ನೋಡಿದರೆ ಬೆಳಗಿನ 65 ಈಗ 74. ಗಾಬರಿಯಾಗಿ ಗಾಳಿ ಬಿಡಲು ಹೋಗಬೇಡಿ. ಹೊರಗಿನ ಉಷ್ಣತೆ 15ರಿಂದ 35 ಡಿಗ್ರಿಗೆ ಏರಿದ್ದಕ್ಕೇ ಐದು ಪಿಎಸ್‌ಐಗಿಂತ ಹೆಚ್ಚು ಏರಿದೆ, ಉಳಿದದ್ದು ಓಟದ ಶಾಖ. ಶೇ. 10–15ರ ಏರಿಕೆ ಸಹಜ. ಬಿಸಿ ಟೈರ್‌ನಿಂದ ಗಾಳಿ ಬಿಟ್ಟರೆ ಟೈರ್ ಇನ್ನಷ್ಟು ಮಡಚಿಕೊಂಡು ಇನ್ನಷ್ಟು ಕಾಯುತ್ತದೆ. ಸೆನ್ಸರ್‌ಗಳ ಎಚ್ಚರಿಕೆಯನ್ನು ತಣ್ಣನೆಯ ಅಂಕಿಗಿಂತ ಶೇ. 10ರಿಂದ 15 ಕೆಳಗೆ, ಶೇ. 25 ಮೇಲೆ ಇಟ್ಟರೆ ಸಾಕು. ನಿಲುಗಡೆಯಲ್ಲಿ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ಒಂದು ಸುತ್ತು ಬನ್ನಿ. ಎಷ್ಟು ಡಿಗ್ರಿ ಎಂಬುದಕ್ಕಿಂತ ನಾಲ್ಕರಲ್ಲಿ ಯಾವುದು ಬೇರೆ ಎಂಬುದೇ ಮುಖ್ಯ. ಬಿಸಿಲು ಬೀಳುವ ಬದಿ ಕೆಲವು ಡಿಗ್ರಿ ಹೆಚ್ಚಿರುವುದು ಮಾಮೂಲು. ಒಂದೇ ಬದಿಯ ಎರಡರಲ್ಲಿ ಒಂದು 15–20 ಡಿಗ್ರಿ ಹೆಚ್ಚು ತೋರಿದರೆ ಗಾಳಿ ಇಳಿದಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಹಬ್ ಕೂಡ ಕಾದಿದ್ದರೆ ಕಡೆಯ ಎರಡರಲ್ಲಿ ಒಂದು.

ಘಾಟಿ ಏರುವಾಗ ಟೈರ್‌ಗೆ ಹೆಚ್ಚು ಕಷ್ಟವಿಲ್ಲ. ಸಾವಿರ ಮೀಟರ್ ಏರಿದರೆ ಹೊರಗಿನ ಗಾಳಿಯ ಒತ್ತಡ ಇಳಿದು ಗೇಜು ಒಂದೂವರೆ ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಮೇಲಿನ ತಂಪು ಹೆಚ್ಚುಕಡಿಮೆ ಅಷ್ಟನ್ನೇ ಇಳಿಸುತ್ತದೆ. ಇಳಿಜಾರಿನಲ್ಲಿ ಮಾತ್ರ ಬ್ರೇಕ್‌ನ ಕಾವು ರಿಮ್ ಮೂಲಕ ಟೈರ್‌ಗೆ ಹತ್ತುತ್ತದೆ. ಕೆಳ ಗೇರ್‌ನಲ್ಲಿ ಇಳಿಯಬೇಕು.

ಜಲ್ಲಿ ರಸ್ತೆಯ ಬಾಯಲ್ಲಿ ಸೀಲೆಂಟ್ ಪ್ರಶ್ನೆ ಬರುತ್ತದೆ: ಮುಂಚೆಯೇ ತುಂಬಿಸುವುದೋ, ಬಾಟಲಿ ಜೊತೆಗಿಟ್ಟುಕೊಳ್ಳುವುದೋ? ಸೀಲೆಂಟ್‌ನಲ್ಲಿ ಎರಡು ಜಾತಿ. ಲ್ಯಾಟೆಕ್ಸ್‌ನದ್ದು (ರಬ್ಬರ್ ಹಾಲಿನದು) ಪಂಕ್ಚರ್ ಆದ ಮೇಲೆ ಬಳಸುವಂಥದ್ದು. ಗಾಳಿ ತಾಗಿ ಗಟ್ಟಿಯಾಗುತ್ತದೆ, ಡಬ್ಬಿಯ ಮೇಲೆ ಅವಧಿಯ ದಿನಾಂಕ ಇರುತ್ತದೆ. ಇನ್ನೊಂದು ಗ್ಲೈಕಾಲ್‌ನಲ್ಲಿ ಎಳೆ, ರಬ್ಬರ್ ಚೂರು ಕಲಸಿದ ಮಂದ ದ್ರವ, ಮುಂಚೆಯೇ ತುಂಬಿಸಬಹುದು. ಚಕ್ರ ತಿರುಗುವಾಗ ಅದು ಟ್ರೆಡ್‌ನ ಒಳಮೈಗೆ ಹರಡಿಕೊಳ್ಳುತ್ತದೆ. ತೂತಾದಾಗ ಒಳಗಿನ ಗಾಳಿಯೇ ಅದನ್ನು ತೂತಿಗೆ ನುಗ್ಗಿಸುತ್ತದೆ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಅಡ್ಡ ಕೂರುತ್ತವೆ. ಟ್ರೆಡ್‌ನ ನಡುಭಾಗದಲ್ಲಿ 6 ಮಿ.ಮೀ. ತನಕದ ತೂತಿಗೆ ಇದು ಆಗುತ್ತದೆ. ಪಕ್ಕದ ಗೋಡೆಗೆ ಆಗದು, ಏಕೆಂದರೆ ದ್ರವ ಅಲ್ಲಿ ನಿಲ್ಲುವುದಿಲ್ಲ, ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ತೂತನ್ನು ಮತ್ತೆ ತೆರೆಯುತ್ತದೆ.

ಹೆದ್ದಾರಿಯಲ್ಲೇ ಓಡುವ ಭಾರದ ಟ್ರೇಲರ್‌ಗೆ ಮುಂಚೆಯೇ ತುಂಬಿಸುವುದನ್ನು ನಾವು ಒಪ್ಪುವುದಿಲ್ಲ. ನಿಂತಾಗ ದ್ರವ ಕೆಳಕ್ಕಿಳಿದು ಒಂದೇ ಕಡೆ ಗುಡ್ಡೆಯಾಗುತ್ತದೆ, ಹೊರಟ ಮೇಲೆ ಕೆಲವು ಕಿಲೋಮೀಟರ್ ಚಕ್ರ ಕುಣಿಯುತ್ತದೆ. ಕಾರಾದರೆ ಸ್ಟಿಯರಿಂಗ್ ನಡುಗಿ ತಿಳಿಸುತ್ತದೆ, ಟ್ರೇಲರ್‌ನಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಮೊಳೆ ಚುಚ್ಚಿದ್ದೂ ಗೊತ್ತಾಗದೆ ಹೋಗುವುದು. ತೂತಿನ ಮೂಲಕ ನೀರಿಳಿದು ಒಳಗಿನ ಉಕ್ಕಿನ ಪಟ್ಟಿ ತುಕ್ಕು ಹಿಡಿದರೆ ಮುಂದೊಂದು ದಿನ ಟ್ರೆಡ್ಡೇ ಕಿತ್ತುಬರುತ್ತದೆ. ಆದರೆ ಮುಳ್ಳುಕಂಟಿಯ ದಾರಿಯಲ್ಲಿ ದಿನಗಟ್ಟಲೆ, ನಿಧಾನವಾಗಿ ಸಾಗುವುದಾದರೆ ತುಂಬಿಸುವುದರಲ್ಲಿ ಅರ್ಥವಿದೆ.

ತುಂಬಿಸುವ ಕ್ರಮ ಹೀಗೆ. ಚಕ್ರವನ್ನು ಜಾಕ್ ಮೇಲೆ ಎತ್ತಿ ವಾಲ್ವ್ ಮೇಲ್ಭಾಗಕ್ಕೆ ಬರುವಂತೆ ತಿರುಗಿಸಿ. ವಾಲ್ವ್ ಪಿನ್ ಬಿಚ್ಚಿ ಗಾಳಿ ಪೂರ್ತಿ ಬಿಡಿ. ಪಿನ್ ಹಾರಿ ಮಣ್ಣಿಗೆ ಬೀಳದಂತೆ ಬೆರಳು ಅಡ್ಡ ಇರಲಿ. ಬಾಟಲಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಎಳೆಗಳು ತಳದಲ್ಲೇ ಉಳಿದು ಬರೀ ನೀರು ಒಳಗೆ ಹೋಗುತ್ತದೆ. 14–15 ಇಂಚಿನ ಟೈರ್‌ಗೆ ಸುಮಾರು ಅರ್ಧ ಲೀಟರ್ ಬೇಕು, ಸರಿಯಾದ ಅಳತೆ ಬಾಟಲಿಯ ಪಟ್ಟಿಯಲ್ಲಿರುತ್ತದೆ. ಹೆಚ್ಚು ಹಾಕಿದರೆ ಬ್ಯಾಲೆನ್ಸ್ ಕೆಡುತ್ತದೆ, ಕಡಿಮೆಯಾದರೆ ಟ್ರೆಡ್ ಪೂರ್ತಿ ಹರಡುವುದಿಲ್ಲ. ಪಿನ್ ಹಾಕುವ ಮುಂಚೆ ಒಂದೆರಡು ಸೆಕೆಂಡ್ ಗಾಳಿ ಊದಿ ವಾಲ್ವ್ ಕೊಳವೆ ಖಾಲಿ ಮಾಡಿ. ಈ ಹೆಜ್ಜೆ ಬಿಟ್ಟರೆ ಪಿನ್‌ಗೆ ಎಳೆ ಅಂಟಿಕೊಂಡು ಅಲ್ಲಿಂದಲೇ ಗಾಳಿ ಸೋರುತ್ತದೆ. ಪೂರ್ತಿ ಗಾಳಿ ತುಂಬಿಸಿ, ತಕ್ಷಣ ನಾಲ್ಕೈದು ಕಿ.ಮೀ. ಓಡಿಸಿ. ಮುಂದೆ ಗಾಳಿ ನೋಡುವಾಗಲೂ ವಾಲ್ವ್ ಮೇಲಿರಲಿ. ರಿಮ್ ಒಳಗೆ ಸೆನ್ಸರ್ ಇದ್ದರೆ ಅದಕ್ಕೆ ಹೊಂದುತ್ತದೆ ಎಂದು ಬರೆದ ಸೀಲೆಂಟ್ ಮಾತ್ರ, ಇಲ್ಲದಿದ್ದರೆ ಸೆನ್ಸರ್‌ನ ರಂಧ್ರ ಕಟ್ಟಿಕೊಳ್ಳುತ್ತದೆ.

ಬಾಟಲಿ ಜೊತೆಗಿಟ್ಟು ಹೋದಾಗ ಸೆನ್ಸರ್ ಕೂಗಿತು, 65 ಇದ್ದದ್ದು 48ಕ್ಕೆ ಬಂದಿದೆ. ಜೋರಾಗಿ ಬ್ರೇಕ್ ಒತ್ತದೆ ಸಮತಟ್ಟು ಜಾಗಕ್ಕೆ ಬನ್ನಿ. ಹಿಚ್ ಬಿಚ್ಚಬೇಡಿ, ಎದುರು ಬದಿಯ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟೆ ಕೊಡಿ. ಟ್ರೆಡ್ ನಡುವೆ ಮೊಳೆಯ ತಲೆ ಮಿನುಗುತ್ತಿದ್ದರೆ ಅದೃಷ್ಟ. ಬಾಟಲಿಯ ಸೂಚನೆ ಹಾಗೆಂದಿದ್ದರೆ ಇಕ್ಕಳದಿಂದ ಮೊಳೆ ಎಳೆದು, ಸೀಲೆಂಟ್ ತುಂಬಿಸಿ, ಗಾಳಿ ಹೊಡೆದು, ತೂತು ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ. ಮೊದಲು ದ್ರವ ಬುಸ್ಸೆಂದು ಚಿಮ್ಮುತ್ತದೆ, ಆಮೇಲೆ ಗುಳ್ಳೆಗಳು, ಆಮೇಲೆ ಒಂದೇ ಗುಳ್ಳೆ ಹಿಗ್ಗಿ ಒಡೆದು ಒದ್ದೆ ಕಲೆಯಷ್ಟೇ ಉಳಿಯುತ್ತದೆ. ಅಲ್ಲಿಗೆ ಹಿಡಿಯಿತು. ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಗಾಳಿ ನೋಡಿ. ಹತ್ತು ಕಿ.ಮೀ. ಒಳಗೆ ಮತ್ತೆ ಇಳಿದಿದ್ದರೆ ಸ್ಟೆಪ್ನಿ ಹಾಕುವುದೇ ದಾರಿ. ಹಿಡಿದ ಟೈರಲ್ಲೂ 80 ಕಿ.ಮೀ. ವೇಗ ಮೀರದೆ ಪಂಕ್ಚರ್ ಅಂಗಡಿ ತನಕ ಮಾತ್ರ.

ಇದಕ್ಕೆ ಬೇಕಾದ ಕಂಪ್ರೆಸರ್ ಬಗ್ಗೆ ಒಂದು ಮಾತು. ಕಾರಿಗೆ 35 ಪಿಎಸ್‌ಐ ಹೊಡೆಯುವ ಪುಟ್ಟ ಪಂಪು 65ಕ್ಕೆ ಏದುಸಿರು ಬಿಟ್ಟು ಕಾದು ನಿಲ್ಲುತ್ತದೆ. 100 ಪಿಎಸ್‌ಐ ದಾಟುವಂಥದ್ದೇ ಬೇಕು. ಎಳೆಯುವ ಗಾಡಿಯ ಬ್ಯಾಟರಿಯಿಂದ ಟ್ರೇಲರ್‌ನ ಹಿಂದಿನ ಚಕ್ರದ ತನಕ ಪೈಪು ತಲುಪುತ್ತದೆಯೇ ಎಂದು ಮನೆಯಲ್ಲೇ ಅಳೆದು ನೋಡಿ.

ಗಾಳಿ ಪೂರ್ತಿ ಇಳಿದು ಸ್ವಲ್ಪ ದೂರ ಓಡಿದ ಟೈರ್‌ಗೆ ಸೀಲೆಂಟ್ ಹಾಕುವುದು ಅಪಾಯ. ಒಳಗೆ ರಬ್ಬರ್ ಪುಡಿ ಉದುರಿರುತ್ತದೆ, ಗೋಡೆಯ ನೂಲು ಮುರಿದಿರುತ್ತದೆ. ಅದರ ಜೊತೆಗಾರ ಟೈರನ್ನೂ ಅನುಮಾನದಿಂದಲೇ ನೋಡಬೇಕು, ಅಷ್ಟು ದೂರ ಆ ಬದಿಯ 1,620 ಕೆ.ಜಿ.ಯಲ್ಲಿ ಬಹುಪಾಲನ್ನು ಹೊತ್ತದ್ದು ಅದೊಂದೇ. ಸ್ಟೆಪ್ನಿ ಹಾಕುವಾಗ ನೆಲ ಬಿಡುವ ಮುಂಚೆಯೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಜಾಕ್ ಕೊಡಬೇಕಾದದ್ದು ಕೈಪಿಡಿ ಹೇಳಿದ ಜಾಗಕ್ಕೆ, ಸಾಮಾನ್ಯವಾಗಿ ಚಾಸಿಗೆ. ಆಕ್ಸಲ್ ಕೊಳವೆಯ ನಡುವೆ ಕೊಟ್ಟರೆ ಅದು ಬಾಗುತ್ತದೆ, ಆಮೇಲೆ ಹೊಸ ಟೈರೂ ಒಂದೇ ಅಂಚಿನಲ್ಲಿ ಸವೆಯುತ್ತದೆ.

ಬಿಡಾರದಲ್ಲಿ ಟ್ರೇಲರ್ ಹಿಂದಕ್ಕೆ ತಿರುಗಿಸುವಾಗ ಯಾರಾದರೂ ಕೆಳಗಿಳಿದು ಚಕ್ರ ನೋಡಿ. ತೀರಾ ಕಿರಿದಾದ ತಿರುವಿನಲ್ಲಿ ಮುಂದಿನ ಟೈರ್ ಒಂದು ಕಡೆಗೆ, ಹಿಂದಿನದು ಇನ್ನೊಂದು ಕಡೆಗೆ ವಾಲುತ್ತದೆ. ಟ್ರೆಡ್ ಜಲ್ಲಿಗೆ ಅಂಟಿ ನಿಂತಿರುತ್ತದೆ, ರಿಮ್ ಪಕ್ಕಕ್ಕೆ ಸರಿದಿರುತ್ತದೆ, ನಡುವಿನ ಗೋಡೆ ಉಬ್ಬಿ ತಿರುಚಿಕೊಂಡಿರುತ್ತದೆ. ಒಳಗಿನ ಪದರಗಳು ಒಂದರ ಮೇಲೊಂದು ಜಾರಿ ಬಿಡಿಸಿಕೊಳ್ಳಲು ಶುರುವಾಗುವುದು ಇಲ್ಲಿ. ಎರಡು ಮೂರು ಸಲ ಮುಂದೆ ಹಿಂದೆ ಮಾಡಿ ಅಗಲವಾಗಿ ತಿರುಗಿಸಿದರೆ ಈ ಸೆಳೆತ ಬಹಳ ಕಡಿಮೆಯಾಗುತ್ತದೆ.

ಮರಳುವ ದಾರಿಯಲ್ಲಿ ಪಂಕ್ಚರ್ ಅಂಗಡಿಯವರಿಗೆ ಒಳಗೆ ಸೀಲೆಂಟ್ ಇದೆ ಎಂದು ಮೊದಲೇ ಹೇಳಿ, ಯಾವ ಡಬ್ಬಿ ಎಂದೂ ತೋರಿಸಿ. ರಿಮ್ ಕಳಚಿದಾಗ ದ್ರವ ಚೆಲ್ಲುತ್ತದೆ, ಕೆಲವು ಡಬ್ಬಿಗಳ ಅನಿಲಕ್ಕೆ ಬೆಂಕಿಯ ಭಯವೂ ಇದೆ. ಟೈರ್ ಒಳಮೈ ತೊಳೆದು ಒಣಗಿಸಿ, ತೂತನ್ನು ಒಳಗಿಂದ ಮಶ್ರೂಮ್ ಪ್ಯಾಚ್‌ನಿಂದ (ತೂತಿಗೆ ಕಾಂಡ, ಒಳಮೈಗೆ ತೇಪೆ ಇರುವ ಅಣಬೆಯಾಕಾರದ ಬಿರಡೆ) ಮುಚ್ಚಿಸಬೇಕು. ಹೊರಗಿಂದ ತುರುಕುವ ರಬ್ಬರ್ ಸ್ಟ್ರಿಪ್ ದಾರಿಯ ಮಟ್ಟಿಗೆ ಮಾತ್ರ. ತೂತು ಟ್ರೆಡ್‌ನ ಅಂಚಿಗೆ ಸರಿದಿದ್ದರೆ ಪ್ಯಾಚ್ ಬೇಡ, ಟೈರ್ ಬದಲಿಸಿ. ರಿಮ್ ಒಳಗೆ ಉಳಿದ ದ್ರವವನ್ನೂ ತೊಳೆಯಿರಿ, ಇಲ್ಲದಿದ್ದರೆ ಟೈರ್ ಅಂಚು ಕೂರುವ ಜಾಗದಲ್ಲಿ ತುಕ್ಕು ಹಿಡಿದು ಗಾಳಿ ಸೋರುತ್ತದೆ.

ಟ್ರೇಲರ್ ತಿಂಗಳುಗಟ್ಟಲೆ ನಿಲ್ಲುವುದಾದರೆ ಪೂರ್ತಿ ಗಾಳಿ ಇರಲಿ, ಟೈರ್ ಕೆಳಗೆ ಹಲಗೆ, ಮೇಲೆ ಬಿಸಿಲು ತಾಗದ ಮುಸುಕು. ಮುಂಚೆ ತುಂಬಿಸಿದ ಸೀಲೆಂಟ್ ಸಾಮಾನ್ಯವಾಗಿ ಎರಡು ವರ್ಷ ಬಾಳುತ್ತದೆ. ತುಂಬಿಸಿದ ತಿಂಗಳನ್ನು ರಿಮ್‌ನ ಒಳಬದಿಗೆ ಪೇಂಟ್ ಪೆನ್ನಿನಲ್ಲಿ ಬರೆದಿಡಿ, ಪಕ್ಕದಲ್ಲೇ ಟೈರ್‌ನ ನಾಲ್ಕು ಅಂಕೆಗಳನ್ನೂ.