ಮತಸುಧಾರಣೆ ಪಾಠಕ್ಕೆ ನಾನು ಇಟ್ಟುಕೊಂಡಿರುವ ಎರಡು ಪ್ರಶ್ನೆ

ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವುದು ನನ್ನ ಕೆಲಸ. ಯುರೋಪಿನ ಮತಸುಧಾರಣೆ, ಅಂದರೆ ಪೋಪ್‌ನ ಕ್ಯಾಥೊಲಿಕ್ ಚರ್ಚಿನಿಂದ ಪ್ರೊಟೆಸ್ಟೆಂಟರು ಬೇರೆಯಾದ ಚಳವಳಿ, ಅಂದ ಕೂಡಲೇ ಎಲ್ಲರ ನೋಟ್ಸ್‌ನಲ್ಲೂ 1517, ಅದನ್ನು ಶುರು ಮಾಡಿದ ಜರ್ಮನ್ ಸನ್ಯಾಸಿ ಲೂಥರ್, ಚರ್ಚಿನ ವಿರುದ್ಧ ಅವನ 95 ವಾದಗಳು. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ಅಧಿಕಾರ ಹೇಗೆ ಕೈ ಬದಲಾಯಿಸಿತು ಅನ್ನೋದು ಹುಡುಗರ ತಲೆಗೆ ಹೋಗಬೇಕಾದರೆ ನಾನು ಇಂಗ್ಲೆಂಡ್ ಹಿಡಿಯುತ್ತೇನೆ, ಅದೂ ಎರಡೇ ಪ್ರಶ್ನೆ ಇಟ್ಟುಕೊಂಡು: ಅಪೀಲು ಎಲ್ಲಿಗೆ ಹೋಗುತ್ತಿತ್ತು? ದುಡ್ಡು ಯಾರಿಗೆ ಸೇರುತ್ತಿತ್ತು?

ರಾಜ ಎಂಟನೇ ಹೆನ್ರಿಯ ಮದುವೆ ಕಥೆ ಎಲ್ಲರಿಗೂ ಗೊತ್ತು, ಮೊದಲ ಮದುವೆ ರದ್ದು ಮಾಡಿ ಅಂದ, ಪೋಪ್ ಒಪ್ಪಲಿಲ್ಲ, ಅಷ್ಟು ಹೇಳಿ ಬೇಗ ಮುಗಿಸುತ್ತೇನೆ. ನಿಲ್ಲಬೇಕಾದ್ದು 1533ರ ಕಾನೂನಿನ ಹತ್ತಿರ. ಮದುವೆ, ಉಯಿಲು, ಚರ್ಚಿಗೆ ಕೊಡಬೇಕಾದ ಹತ್ತನೇ ಒಂದು ಪಾಲು (ದಶಾಂಶ), ಇಂಥ ಕೇಸುಗಳಲ್ಲಿ ಇನ್ನು ರೋಮ್‌ಗೆ ಅಪೀಲು ಹೋಗುವಂತಿಲ್ಲ, ಎಲ್ಲ ಇಲ್ಲೇ ತೀರ್ಮಾನವಾಗಬೇಕು ಅಂತ ಪಾರ್ಲಿಮೆಂಟು ಹೇಳಿಬಿಟ್ಟಿತು. ಮುಂದಿನ ವರ್ಷ ರಾಜನೇ ಚರ್ಚಿನ ಮುಖ್ಯಸ್ಥ. ಹೊಸ ಬಿಷಪ್‌ನ ಮೊದಲ ವರ್ಷದ ಆದಾಯ ಪೋಪ್‌ಗೆ ಹೋಗುತ್ತಿತ್ತಲ್ಲ, ಅದೂ ರಾಜನ ಖಜಾನೆಗೆ ತಿರುಗಿತು. ನಂಬಿಕೆಯಲ್ಲಿ ಹೆನ್ರಿ ಅಷ್ಟೇನೂ ಪ್ರೊಟೆಸ್ಟೆಂಟ್ ಆಗಿರಲಿಲ್ಲ, ಲ್ಯಾಟಿನ್ ಪೂಜೆ ಅವನು ಸಾಯುವ ತನಕ ನಡೆದೇ ಇತ್ತು.

1535ರಲ್ಲಿ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಕಾಲದಲ್ಲಿ ಅಧಿಕಾರಿಗಳು ದೇಶವಿಡೀ ತಿರುಗಿ ಪ್ರತಿ ಚರ್ಚು, ಪ್ರತಿ ಮಠದ ಆದಾಯ ಬರೆದುಕೊಂಡರು. ಮರುವರ್ಷವೇ ಕಾನೂನು ಬಂತು. ವರ್ಷಕ್ಕೆ 200 ಪೌಂಡ್ ಆದಾಯವೂ ಇಲ್ಲದ ಮಠಗಳಲ್ಲಿ ಪಾಪ ಜಾಸ್ತಿ, ಮುಚ್ಚಿ. ದೊಡ್ಡ ಮಠಗಳಲ್ಲಿ ಧರ್ಮ ಚೆನ್ನಾಗಿದೆ ಅಂತ ಅದೇ ಕಾನೂನು ಹೊಗಳಿತ್ತು! ಪಾಪಕ್ಕೂ 200 ಪೌಂಡಿಗೂ ಏನು ಸಂಬಂಧ ಅಂತ ಕೇಳಿದರೆ ಕ್ಲಾಸಿನಲ್ಲಿ ನಗು. 1540ರ ಹೊತ್ತಿಗೆ ದೊಡ್ಡವೂ ಉಳಿಯಲಿಲ್ಲ. ಚಾವಣಿಯ ಸೀಸ ಕಿತ್ತು ಕರಗಿಸಿದರು, ಗಂಟೆ ಇಳಿಸಿದರು, ಸನ್ಯಾಸಿಗಳಿಗೆ ಪಿಂಚಣಿ ಕೊಟ್ಟು ಕಳಿಸಿದರು. ಮಠಾಧಿಪತಿಗಳೇ ಇಲ್ಲವಾದ ಮೇಲೆ ಮೇಲ್ಮನೆಯಲ್ಲಿ ಅವರ ಸೀಟುಗಳೂ ಹೋದವು.

ಆಸ್ತಿ ನೋಡಿಕೊಳ್ಳಲು 'ಕೋರ್ಟ್ ಆಫ್ ಆಗ್ಮೆಂಟೇಷನ್ಸ್' ಅಂತ ಒಂದು ಕಚೇರಿ ಹುಟ್ಟಿತು. "ನಮ್ಮ ಮುಜರಾಯಿ ಇಲಾಖೆ ತರಾನಾ ಸರ್?" ಅಂತ ಕೇಳುತ್ತಾರೆ. ಅಲ್ಲಪ್ಪಾ, ಮುಜರಾಯಿಯವರು ದೇವಸ್ಥಾನ ನಡೆಸುತ್ತಾರೆ, ಇವರು ಮಠ ಮುಚ್ಚಿ ಜಮೀನು ಮಾರಿದರು. ಕೊಂಡವರಲ್ಲಿ ಕ್ಯಾಥೊಲಿಕರೂ ಇದ್ದರು. ಅದಕ್ಕೇ 1554ರಲ್ಲಿ ಹೆನ್ರಿಯ ಮಗಳು, ಕ್ಯಾಥೊಲಿಕ್ ರಾಣಿ ಮೇರಿ, ದೇಶವನ್ನು ಮತ್ತೆ ಪೋಪ್ ಕಡೆಗೆ ಒಯ್ದಾಗ ಪೂಜೆ ವಾಪಸ್ ಬಂತು, ಜಮೀನು ಬರಲಿಲ್ಲ. ಕೊಂಡವರಿಗೇ ಇರಲಿ ಅಂತ ರೋಮ್ ಒಪ್ಪಬೇಕಾಯಿತು.

ಇಷ್ಟಾದ ಮೇಲೆ "ಹಾಗಾದ್ರೆ ಎಲ್ಲ ದುಡ್ಡಿಗೇನಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1536ರಲ್ಲಿ ಯಾರ್ಕ್‌ಷೈರ್‌ನಲ್ಲಿ ರಾಬರ್ಟ್ ಆಸ್ಕ್ ಅನ್ನುವ ವಕೀಲನ ಹಿಂದೆ ಮಠ ಉಳಿಸಿ ಅಂತ ಎದ್ದ ಸಾವಿರಾರು ಜನ ಬರೀ ದುಡ್ಡಿಗೆ ಎದ್ದವರಲ್ಲ, ಆಸ್ಕ್‌ನನ್ನು ಗಲ್ಲಿಗೇರಿಸಿದರು. ಅವನಿಗೆ ಒಂದು ಪೂರ್ತಿ ಪೀರಿಯಡ್ ಬೇರೆ ಇಟ್ಟಿದ್ದೇನೆ.