ಅಂಥ ಆಟಗಾರರಿದ್ದೂ ಅಮೆರಿಕ ಸೋತದ್ದು ಏಕೆ?

ಮದುವೆಯ ಪಂಕ್ತಿಯಲ್ಲಿ, ರೈಲಿನಲ್ಲಿ, ಮಕ್ಕಳನ್ನು ಅಭ್ಯಾಸಕ್ಕೆ ಬಿಡಲು ಬಂದ ಅಪ್ಪಂದಿರ ಬಾಯಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವರ್ಷಕ್ಕೆ 82 ಪಂದ್ಯ ಆಡುವವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹೇಗೆ ಸೋತರು? ಅವರಿಗಿಲ್ಲದ ಅನುಭವ ಇನ್ಯಾರಿಗಿತ್ತು? ಬಾಯಲ್ಲಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಕಳೆದ ಸಲ ಭಾವ ಕೇಳಿದ ರೀತಿಗಂತೂ ಎಲೆಯ ಮುಂದಿನಿಂದ ಎದ್ದುಬಿಡಬೇಕೆನಿಸಿತು. "ದುಡ್ಡು ಕಂಡವರಿಗೆ ದೇಶ ಯಾಕೆ ಬೇಕು, ಅಲ್ಲವೇನಯ್ಯಾ?" ಇದು ಪ್ರಶ್ನೆಯಲ್ಲ, ತೀರ್ಪು. ಹೋಳಿಗೆ ಬಡಿಸುವವರು ಎರಡು ಸಲ ಬಂದು ಹೋದರೂ ನಾನು ವಾದಿಸುತ್ತಲೇ ಇದ್ದೆ. ಆ ತಂಡದಲ್ಲಿದ್ದ ಲೆಬ್ರಾನ್ ಜೇಮ್ಸ್‌ಗೆ ಆಗ 19, ಕಾರ್ಮೆಲೊ ಆಂಥನಿಗೆ 20. ಆ ಹುಡುಗರು ಮನಸ್ಸಿಲ್ಲದೆ ಆಡಲಿಲ್ಲ. ಅವರಿಗೆ ರೂಢಿಯಿಲ್ಲದ ಆಟ ಎದುರಾಯಿತು, ಅಷ್ಟೇ.

ಮೊದಲ ಪಂದ್ಯವನ್ನೇ ನೋಡಿ. ಪೋರ್ಟೊರಿಕೊ 92, ಅಮೆರಿಕ 73. ಪೋರ್ಟೊರಿಕೊದವರು ಝೋನ್ ಹಾಕಿ, ಅಂದರೆ ಒಬ್ಬೊಬ್ಬ ಎದುರಾಳಿಯನ್ನು ಹಿಂಬಾಲಿಸದೆ ಅಂಗಳದ ಜಾಗ ಹಂಚಿಕೊಂಡು ಕಾದು, ರಿಂಗ್‌ನ ಕೆಳಗೆ ಜನ ತುಂಬಿಸಿ, ದೂರದಿಂದ ಬೇಕಾದರೆ ಹೊಡೆದುಕೊಳ್ಳಿ ಎಂದು ಬಿಟ್ಟುಕೊಟ್ಟರು. ಅಮೆರಿಕ ಮೂರು ಅಂಕದ ಗೆರೆಯಾಚೆಯಿಂದ 24 ಸಲ ಎಸೆದು 3 ಸಲ ಮಾತ್ರ ಗುರಿ ಮುಟ್ಟಿತು. ಎನ್‌ಬಿಎಯಲ್ಲಿ 2001ರವರೆಗೆ ಝೋನ್‌ಗೆ ನಿಷೇಧವಿತ್ತು. ನಿಷೇಧ ತೆಗೆದ ಮೇಲೂ, ಯಾರನ್ನೂ ಕಾಯದೆ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ರಿಂಗ್‌ನ ಕೆಳಗೆ ನಿಲ್ಲುವಂತಿಲ್ಲ. ಅಂತರರಾಷ್ಟ್ರೀಯ ಆಟದಲ್ಲಿ ಆ ಕಟ್ಟುಪಾಡಿಲ್ಲ. ಎನ್‌ಬಿಎಯಲ್ಲಿ ಆಟಗಾರ ಆರನೇ ಫೌಲ್‌ಗೆ ಹೊರಗೆ, ಅಂತರರಾಷ್ಟ್ರೀಯ ಆಟದಲ್ಲಿ ಐದಕ್ಕೇ. ಎನ್‌ಬಿಎ ಪಂದ್ಯ 48 ನಿಮಿಷ, ಇದು 40. ಹಿಂದೆ ಬಿದ್ದರೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ 89-81ರಿಂದ ಅವರನ್ನು ಸೋಲಿಸಿತು. ಮನು ಜಿನೋಬಿಲಿ 29 ಅಂಕ ಗಳಿಸಿದರು. ಭಾವನಿಗೆ ಈ ಹೆಸರು ಗೊತ್ತು, ಹಿಂದಿನ ಕಥೆ ಗೊತ್ತಿಲ್ಲ. ಜಿನೋಬಿಲಿ, ಸ್ಕೋಲಾ, ಒಬೆರ್ಟೊ, ನೋಸಿಯೋನಿ, ಸಾಂಚೆಜ್ 2002ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ಒಟ್ಟಿಗೆ ಆಡಿ, ಇಂಡಿಯಾನಾಪೊಲಿಸ್‌ನಲ್ಲಿ ಅಮೆರಿಕವನ್ನು ಅದರ ನೆಲದಲ್ಲೇ 87-80ರಿಂದ ಮಣಿಸಿದ್ದರು. ಎನ್‌ಬಿಎ ಆಟಗಾರರ ಅಮೆರಿಕ ತಂಡಕ್ಕೆ ಅದು ಮೊದಲ ಸೋಲು. ಅದೇ ಟೂರ್ನಿಯ ಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರು ಹೆಚ್ಚುವರಿ ಅವಧಿಯಲ್ಲಿ ಅರ್ಜೆಂಟೀನಾದವರೂ ಸೋತರು. ಆ ಗೆಲುವನ್ನೂ ಆ ಸೋಲನ್ನೂ ಹೊತ್ತುಕೊಂಡು ಅದೇ ಐವರು ಅಥೆನ್ಸ್‌ಗೆ ಬಂದರು. ಅನುಭವ ಎಂದು ನಾನು ಕರೆಯುವುದು ಇದನ್ನು.

ಅಮೆರಿಕವೂ ಇದನ್ನೇ ಕಲಿಯಿತು. 2005ರ ನಂತರ ಆಟಗಾರರಿಂದ ಮೂರು ವರ್ಷಗಳ ಬದ್ಧತೆ ಕೇಳಿದರು. 2006ರಲ್ಲಿ ಗ್ರೀಸ್ ಎದುರು ಮತ್ತೆ ಸೋತರು. 2008ರಲ್ಲಿ ಬೀಜಿಂಗ್‌ನಲ್ಲಿ ಸ್ಪೇನ್ ವಿರುದ್ಧ 118-107ರಿಂದ ಚಿನ್ನ ಗೆದ್ದರು. ಲೆಬ್ರಾನ್, ಕಾರ್ಮೆಲೊ, ಡ್ವೇನ್ ವೇಡ್ 2004, 2006, 2008 ಈ ಮೂರೂ ಸಲ ತಂಡದಲ್ಲಿದ್ದರು.

ಇಷ್ಟು ಹೇಳಿದ ಮೇಲೆ ಒಂದು ಮಾತು ಕೇಳುತ್ತೇನೆ. ಅಮೆರಿಕದ ಸೋಲಿಗೆ ಮರುಗುವವರು ನಮ್ಮ ಹುಡುಗಿಯರ ವಿಚಾರ ಏಕೆ ಎತ್ತುವುದಿಲ್ಲ? 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಿಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್‌ನ ಎರಡನೇ ದರ್ಜೆಯಿಂದ ಮೇಲೇರಿದರು. ಎರಡು ವರ್ಷದ ಬಳಿಕ ಅದೇ ಅಂಗಳಕ್ಕೆ ಜಪಾನ್, ಕೊರಿಯಾದಂಥ ತಂಡಗಳು ಬಂದವು. ನಮ್ಮವರಿಗೆ ಒಂದು ಗೆಲುವೂ ದಕ್ಕಲಿಲ್ಲ. ಅವರಲ್ಲಿ ಏನು ಕಡಿಮೆಯಿತ್ತು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಆ ಎರಡು ವರ್ಷಗಳಲ್ಲಿ ಅಂಥ ತಂಡಗಳ ಎದುರು ಎಷ್ಟು ಪಂದ್ಯ ಆಡಿಸಿದಿರಿ ಎಂದು ಆಡಳಿತಗಾರರನ್ನೂ ಯಾರೂ ಕೇಳಲಿಲ್ಲ.

ನಾನು ತರಬೇತಿ ಕೊಡುವ ಹದಿನಾಲ್ಕರ ಹುಡುಗಿಯೊಬ್ಬಳು ಮೊನ್ನೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. "ಸರ್, ಮುಂದಿನ ಭಾನುವಾರ ನಮ್ಮನ್ನು ಕಾಲೇಜಿನ ಅಕ್ಕಂದಿರ ತಂಡದ ಜೊತೆ ಆಡಿಸುತ್ತೀರಾ? ಸೋಲುತ್ತೇವೆ, ಗೊತ್ತು." ಆಡಿಸುತ್ತೇನೆ ಎಂದೆ. ಅವಳಿಗೆ ಕೊಟ್ಟಷ್ಟು ಸಂತೋಷದಿಂದ ನಾನು ಬೇರೆ ಯಾರಿಗೂ ಉತ್ತರ ಕೊಟ್ಟಿಲ್ಲ.